ಚೌಕುಳಿ ಯಾರ ಸೊತ್ತು? ಜಪಾನಿನ ಬಟ್ಟೆ ವಿನ್ಯಾಸಗಳ ಹಿನ್ನೆಲೆ

2020ರಲ್ಲಿ ಜಪಾನಿನ ಪ್ರಕಾಶನ ಸಂಸ್ಥೆ ಶುಎಶಾ, ‘ಡೀಮನ್ ಸ್ಲೇಯರ್’ ಎಂಬ ಮಾಂಗಾದ, ಅಂದರೆ ಚಿತ್ರಕತೆಯ, ಪಾತ್ರಗಳು ತೊಡುವ ಬಟ್ಟೆಯ ವಿನ್ಯಾಸಗಳಿಗೆ ಟ್ರೇಡ್‌ಮಾರ್ಕ್ ಕೇಳಿತು. ಕೆಲವಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ನಾಯಕ ತಂಜಿರೊನ ಹಸಿರು-ಕಪ್ಪು ಚೌಕುಳಿಗೆ 2021ರಲ್ಲಿ ಇಲ್ಲ ಎಂದರು. ಅದು ಬರೀ ಅಲಂಕಾರದ ವಿನ್ಯಾಸ, ನೋಡಿದ ಕೂಡಲೇ ಇಂಥವರ ಸರಕು ಎಂದು ಗುರುತು ಸಿಗುವುದಿಲ್ಲ ಎನ್ನುವುದು ಕಾರಣ.

ಸರಿಯಾದ ತೀರ್ಮಾನವೇ. ಕ್ಯೋಟೊದ ಕತ್ಸುರ ಅರಮನೆಯ ಚಹಾ ಮನೆಯೊಂದರಲ್ಲಿ 17ನೇ ಶತಮಾನದಲ್ಲೇ ಜಾರುಬಾಗಿಲಿಗೆ ನೀಲಿ-ಬಿಳಿ ಚೌಕುಳಿ ಕಾಗದ ಅಂಟಿಸಿದ್ದರು. ಆಗ ಇದನ್ನು ಕಲ್ಲುಹಾಸು ಎಂದೇ ಕರೆಯುತ್ತಿದ್ದರು. 1741ರಲ್ಲಿ ಸನೊಗಾವಾ ಇಚಿಮತ್ಸು ಎಂಬ ಚೆಲುವ ನಟ, ಕಬುಕಿ ಎಂಬ ಸಾಂಪ್ರದಾಯಿಕ ನಾಟಕದವನು, ಎಡೊ ನಗರದ, ಅಂದರೆ ಇಂದಿನ ಟೋಕಿಯೊದ, ರಂಗಮಂದಿರದಲ್ಲಿ ಚೌಕುಳಿಯ ಉಡುಪು ತೊಟ್ಟು ಬಂದ. ಊರಿನ ಹೆಂಗಸರು ಮುಗಿಬಿದ್ದು ಅದನ್ನೇ ಹೊಲಿಸಿಕೊಂಡರು. ಹೆಸರೂ ಇಚಿಮತ್ಸು ಎಂದಾಯಿತು. ಚೌಕಗಳು ಕೊನೆಯಿಲ್ಲದೆ ಮುಂದುವರಿಯುತ್ತವೆ, ಹಾಗಾಗಿ ಮನೆತನಕ್ಕೆ ಏಳಿಗೆ ಎಂದು ಈಗ ಅಂಗಡಿಯವರು ಅರ್ಥ ಹೇಳುತ್ತಾರೆ. ಆ ಹೆಂಗಸರಿಗೆ ಬೇಕಿದ್ದದ್ದು ಏಳಿಗೆಯಲ್ಲ, ಫ್ಯಾಷನ್ ಅಲ್ವಾ?

ಟೋಕಿಯೊ ಒಲಿಂಪಿಕ್ಸ್‌ನವರೂ ಕೊನೆಗೆ ಚೌಕುಳಿಗೇ ಬಂದರು. ಮೊದಲ ಲಾಂಛನ ಕದ್ದದ್ದು ಎಂಬ ಆರೋಪ ಬಂದು 2015ರಲ್ಲಿ ಅದನ್ನು ಕೈಬಿಟ್ಟರು. ಮರುವರ್ಷ ಅಸಾವೊ ತೊಕೊಲೊ ಅವರ ಕಡುನೀಲಿ ಚೌಕುಳಿ ಆಯ್ಕೆಯಾಯಿತು. ಅಲ್ಲಿ ಇದರ ಅರ್ಥ ‘ವೈವಿಧ್ಯದಲ್ಲಿ ಏಕತೆ’!

ಹೀಗೆ ವಿನ್ಯಾಸ ಹಳೆಯದು, ಅರ್ಥ ಕಾಲಕ್ಕೊಂದು. ಅಸನೊಹಾ ಇದಕ್ಕೆ ಇನ್ನೂ ಒಳ್ಳೆಯ ಉದಾಹರಣೆ. ಆರು ಮೂಲೆಯ ನಕ್ಷತ್ರಗಳು ಒಂದಕ್ಕೊಂದು ಹೆಣೆದಂತಿರುವ ಈ ವಿನ್ಯಾಸ ಹೆಂಪ್ ಎಂಬ ನಾರಿನ ಗಿಡದ ಎಲೆಯ ಹೋಲಿಕೆಯದು. ಈ ಗಿಡ ಬೇಗ, ನೆಟ್ಟಗೆ ಬೆಳೆಯುತ್ತದೆ. ಮಗುವೂ ಹಾಗೇ ಬೆಳೆಯಲಿ ಎಂದು ಎಳೆಗೂಸಿನ ಅಂಗಿಗೆ ಇದನ್ನು ಹಾಕುತ್ತಿದ್ದರು. ದೊಡ್ಡವರ ಕಿಮೊನೊಗೆ ಬೆನ್ನ ನಡುವೆ ಹೊಲಿಗೆ ಇರುತ್ತದೆ, ಅದು ಹಿಂದಿನಿಂದ ಬರುವ ಕೆಡುಕನ್ನು ತಡೆಯುತ್ತದೆ ಎಂಬ ನಂಬಿಕೆ. ಮಗುವಿನ ಅಂಗಿ ಒಂದೇ ಅಗಲದ ಬಟ್ಟೆಯದ್ದು, ಬೆನ್ನಲ್ಲಿ ಹೊಲಿಗೆ ಬರುವುದಿಲ್ಲ. ಅದಕ್ಕೇ ತಾಯಂದಿರು ಕುತ್ತಿಗೆಯ ಕೆಳಗೆ ಬಣ್ಣದ ದಾರದಲ್ಲಿ ಒಂದಿಷ್ಟು ಹೊಲಿಗೆ ಹಾಕುತ್ತಿದ್ದರು. ನಮ್ಮ ದೃಷ್ಟಿಬೊಟ್ಟಿನ ಕೆಲಸವೇ ಅದು.

1809ರಲ್ಲಿ ಐದನೇ ಇವಾಯ್ ಹನ್‌ಶಿರೊ ಎಂಬ ನಟ ಇದೇ ವಿನ್ಯಾಸ ತೊಟ್ಟು ರಂಗಕ್ಕೆ ಬಂದ. ಮಾಡಿದ್ದು ತರಕಾರಿ ವ್ಯಾಪಾರಿಯ ಮಗಳು ಒಶಿಚಿಯ ಪಾತ್ರ. ಪ್ರೇಮಿಯನ್ನು ಮತ್ತೆ ನೋಡುವ ಹಂಬಲದಲ್ಲಿ ಬೆಂಕಿ ಹಚ್ಚಿ, ಅದೇ ತಪ್ಪಿಗೆ ಜೀವಂತ ಸುಡಿಸಿಕೊಂಡವಳೆಂದು ಹೆಸರಾದ ಹುಡುಗಿ ಅವಳು. ಅಪಶಕುನ ಎಂದು ಯಾರೂ ದೂರ ಇಡಲಿಲ್ಲ. ಹರೆಯದ ಹುಡುಗಿಯರು ಅದನ್ನೇ ಉಟ್ಟರು. ಎಳೆಗೂಸಿನ ಅಂಗಿಯಲ್ಲೂ ಅದು ಉಳಿಯಿತು.

ಎಲ್ಲ ವಿನ್ಯಾಸದ ಹಿಂದೆಯೂ ಹಾರೈಕೆಯೇ ಇತ್ತು ಎನ್ನುವಂತಿಲ್ಲ. 1683ರಲ್ಲಿ ಶೋಗುನ್ ಸರ್ಕಾರ, ಅಂದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿಯ ಆಡಳಿತ, ಚಿನ್ನದ ಕಸೂತಿಯಂಥ ದುಬಾರಿ ಬಟ್ಟೆಗಳನ್ನು ನಿಷೇಧಿಸಿತು. ದುಡ್ಡಿದ್ದ ವ್ಯಾಪಾರಿಗಳು ಹೊರಗೆ ಸಾದಾ ಬಟ್ಟೆ ತೊಟ್ಟು ಒಳಪದರಕ್ಕೆ ಚೆಂದದ ಬಟ್ಟೆ ಹಾಕಿಸಿದರು. ದೂರದಿಂದ ಒಂದೇ ಬಣ್ಣದಂತೆ ಕಾಣುವ, ಹತ್ತಿರ ಬಂದರಷ್ಟೇ ಚುಕ್ಕಿಗಳು ತೋರುವ ಎಡೊ ಕೊಮೊನ್ ಕೂಡ ಅವರಿಗೆ ಹಿಡಿಸಿತು.

ಬಾಣದ ಗರಿಯ ಯಗಸುರಿಯದ್ದು ಬೇರೆಯೇ ಕತೆ. ಬಿಟ್ಟ ಬಾಣ ತಿರುಗಿ ಬಾರದು, ಹಾಗೆಯೇ ಮಗಳು ಗಂಡನ ಮನೆಯಿಂದ ವಾಪಸ್ ಬಾರದಿರಲಿ ಎಂದು ಮದುವೆಗೆ ಕೊಡುತ್ತಿದ್ದರು. ಹಾರೈಕೆಯೋ, ಎಚ್ಚರಿಕೆಯೋ! ಆದರೆ ಮೇಜಿ ಕಾಲದಲ್ಲಿ (1868–1912) ಶಾಲೆಗೆ ಹೊರಟ ಹುಡುಗಿಯರು ಹಕಾಮಾ ಎಂಬ ನೆರಿಗೆಯ ಲಂಗದಂಥ ಉಡುಪಿನ ಜೊತೆ ಇದನ್ನೇ ತೊಟ್ಟರು. ಈಗಲೂ ಮಾರ್ಚ್‌ನ ಪದವಿ ಸಮಾರಂಭಗಳಿಗೆ ಹುಡುಗಿಯರು ಈ ಜೋಡಿಯನ್ನು ಬಾಡಿಗೆಗೆ ತರುತ್ತಾರೆ.