ಪದ ಪರಿಚಯ: ಪರಿಸರ ಡಿಎನ್‌ಎ (ಇ-ಡಿಎನ್‌ಎ)

ದೇವರಿಗೆ ಏರಿಸುವ ಹೂವೂ ದುಂಬಿಯ ಎಂಜಲು ಎಂಬ ಮಾತು ನಮ್ಮಲ್ಲಿ ಹಳೆಯದು. ಇ-ಡಿಎನ್‌ಎ ವಿಧಾನ ಓದುವುದು ಆ ಎಂಜಲನ್ನೇ. ಜೀವಿಯನ್ನು ಹಿಡಿಯದೆ, ಅದು ಮುಟ್ಟಿಹೋದ ನೀರು, ಮಣ್ಣು, ಹೂವಿನಿಂದ ತೆಗೆದ ಡಿಎನ್‌ಎಗೆ ಈ ಹೆಸರು. ‘ಪರಿಸರ’ ಎಂಬ ಪದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಉದುರಿದ ಡಿಎನ್‌ಎ’ ಎಂದಿದ್ದರೆ ಚೆನ್ನಾಗಿತ್ತು.

ಬೀದರಿನ ಕೆಮ್ಮಣ್ಣಿನ ಹುಲ್ಲುಗಾವಲಲ್ಲಿ ತುಂಬೆ ಹೂವಿಗೆ ಬಂದ ಜೇನುಹುಳು ಎಂಜಲು, ಹಿಕ್ಕೆ, ಉದುರಿದ ರೋಮ ಬಿಟ್ಟುಹೋಗಿರುತ್ತದೆ. ಅದರಲ್ಲಿ ಜಾತಿಯ ಗುರುತಿದೆ. ಡೆನ್ಮಾರ್ಕಿನಲ್ಲಿ 7 ಜಾತಿಯ ಕಾಡುಹೂಗಳನ್ನು ಹೀಗೆ ಪರೀಕ್ಷಿಸಿ, ಕನಿಷ್ಠ 135 ಜಾತಿಯ ಸಂಧಿಪದಿಗಳ (ಕೀಟ, ಜೇಡದಂಥ ಕೀಲುಗಾಲಿನ ಜೀವಿಗಳ) ಗುರುತು ಸಿಕ್ಕಿದ್ದನ್ನು 2019ರಲ್ಲಿ ಪ್ರಕಟಿಸಿದರು.

ಒಂದರ ಡಿಎನ್‌ಎ ಇನ್ನೊಂದಕ್ಕೆ ಅಂಟಿ, ಹೂ ಕೀಳುವಲ್ಲೇ ಅರ್ಧ ಕೆಲಸ ಕೆಡುತ್ತದೆ. ಪ್ರತಿ ಗಿಡಕ್ಕೂ ಹೊಸ ಕೈಗವಸು ಬೇಕು. ಚಿಮುಟವನ್ನು ಸ್ಪಿರಿಟ್‌ನಲ್ಲಿ ಅದ್ದಿದರೆ ಸಾಲದು: ಸ್ಪಿರಿಟ್ ಡಿಎನ್‌ಎಯನ್ನು ಕಾಪಾಡುತ್ತದೆಯೇ ಹೊರತು ಕೆಡಿಸುವುದಿಲ್ಲ. 10% ಬ್ಲೀಚ್ ದ್ರಾವಣದಲ್ಲಿ ಅದ್ದಿ, ಶುದ್ಧ ನೀರಲ್ಲಿ ತೊಳೆಯಬೇಕು. ಹೂವೊಳಗೆ ನುಸಿ, ಸಸ್ಯಹೇನು ಇವೆಯೇ ಎಂದು ಮೊದಲು ನೋಡಿ. ಒಂದೇ ಒಂದು ಹುಳು ಕೊಳವೆಗೆ ಬಿದ್ದರೂ ಅದರ ಡಿಎನ್‌ಎ ಉಳಿದ ಸಣ್ಣ ಕುರುಹುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹೂಗಳನ್ನು 95% ಎಥನಾಲ್‌ನಲ್ಲಿ ಮುಳುಗಿಸಿ, ಐಸ್ ಡಬ್ಬಿಯಲ್ಲಿ ತಂದು, ಮೈನಸ್ 20 ಡಿಗ್ರಿಯಲ್ಲಿಡಬೇಕು. ಆ ಎಥನಾಲ್ ಚೆಲ್ಲಬೇಡಿ, ಡಿಎನ್‌ಎ ಅದರೊಳಗೂ ಇಳಿದಿರುತ್ತದೆ. ಕಲಬುರಗಿ ಕಡೆಯ ಬಿಸಿಲಿಗೆ ಎಂಜಲು ಬೇಗ ಹಾಳಾಗುತ್ತದೆ, ಜೋರು ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಸಿಗುವುದು ಇತ್ತೀಚಿನ ಅತಿಥಿಗಳ ಗುರುತು.

ಪ್ರಯೋಗಾಲಯದಲ್ಲಿ ಸಿಒಐ ಎಂಬ, ಪ್ರಾಣಿಗಳ ಜಾತಿ ಗುರುತಿಸಲು ಬಳಸುವ ಜೀನ್‌ನ ತುಣುಕನ್ನು ಪಿಸಿಆರ್‌ನಿಂದ (ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಹೆಚ್ಚಿಸಿ, ಅದರ ಅಕ್ಷರಗಳ ಅನುಕ್ರಮ ಓದಿ, ಹೆಸರು ಗೊತ್ತಿರುವ ಜಾತಿಗಳ ಅನುಕ್ರಮ ಕೂಡಿಟ್ಟ ಬೋಲ್ಡ್‌ನಂಥ ದತ್ತಸಂಗ್ರಹದೊಡನೆ ಹೋಲಿಸುತ್ತಾರೆ. ಈ ಜೀನ್‌ನ ರೂಢಿಯ ಬಾರ್‌ಕೋಡ್ (ಗುರುತಿಗೆ ಓದುವ ಭಾಗ) 658 ಅಕ್ಷರ ಉದ್ದ. ಹೂವಿನ ಮೇಲಿನ ಡಿಎನ್‌ಎ ಮುರಿದಿರುವುದರಿಂದ ಚಿಕ್ಕ ತುಣುಕನ್ನೇ ಆರಿಸುತ್ತಾರೆ. ಪಿಸಿಆರ್ ಫಲ ಕೊಡದಿದ್ದರೆ ಹೂವಿನ ಪಾಲಿಫಿನಾಲ್‌ಗಳೆಂಬ ರಾಸಾಯನಿಕಗಳು ಅಡ್ಡಬಂದಿರಬಹುದು. ದ್ರಾವಣವನ್ನು 10 ಪಟ್ಟು ತೆಳುಮಾಡಿ ಮತ್ತೆ ನೋಡಬೇಕು.

ಫಲಿತಾಂಶದ ಪಟ್ಟಿಯನ್ನು ‘ಪರಾಗಸ್ಪರ್ಶಿಗಳ ಪಟ್ಟಿ’ ಎಂದು ಕರೆಯುವುದು ಎಲ್ಲರೂ ಮಾಡುವ ತಪ್ಪು. ರಸ ಹೀರುವ ಸಸ್ಯಹೇನು, ಹೊಂಚುಹಾಕಿ ಕೂತ ಜೇಡ ಎಲ್ಲವೂ ಅದರಲ್ಲಿರುತ್ತವೆ. ಪಕ್ಕದ ತೊಗರಿ ಹೊಲದಿಂದ ಬಂದ ಜೇನು, ಅಲ್ಲಿನ ನುಸಿಯ ಕುರುಹನ್ನು ಕಾಲಿಗೆ ಅಂಟಿಸಿಕೊಂಡು ತಂದಿರಲೂಬಹುದು. ಅನುಕ್ರಮಗಳ ಸಂಖ್ಯೆ ಹುಳುಗಳ ಸಂಖ್ಯೆಯಲ್ಲ. ನಮ್ಮ ಭಾಗದ ಜಾತಿಯ ಮಾದರಿ ದತ್ತಸಂಗ್ರಹದಲ್ಲಿ ಇಲ್ಲದಿದ್ದರೆ, ಹೆಸರು ಕುಲದ ಮಟ್ಟಕ್ಕೋ ಕುಟುಂಬಕ್ಕೋ ನಿಲ್ಲುತ್ತದೆ.

ಹೊಲದಲ್ಲೇ ಒಂದು ಎಥನಾಲ್ ಕೊಳವೆಯನ್ನು ಹೂವಿಲ್ಲದೆ ತೆರೆದು, ಮುಚ್ಚಿ, ಉಳಿದವುಗಳ ಜೊತೆಗೇ ಕೊನೆತನಕ ನಡೆಸಿ. ಅದರಲ್ಲೂ ಜೇನಿನ ಡಿಎನ್‌ಎ ಸಿಕ್ಕಿತೆಂದರೆ, ಹೂವುಗಳಲ್ಲಿ ಸಿಕ್ಕ ಜೇನನ್ನೂ ನಂಬುವಂತಿಲ್ಲ.