ರೋಮ್ ಅನ್ನು ತಿಂದ ಸಂಬಳದ ಲೆಕ್ಕ

ರೋಮ್ ಯಾಕೆ ಬಿತ್ತು ಎಂದು ಕೇಳಿದರೆ ಹೆಚ್ಚಿನವರು ಹೊರಗಿನಿಂದ ನುಗ್ಗಿದ ಗಾಥರನ್ನು, ವ್ಯಾಂಡಲರನ್ನು ತೋರಿಸುತ್ತಾರೆ. ನನಗೆ ಆ ಕಥೆ ಜಾಸ್ತಿ ಕಾಣುವುದು ದೆನಾರಿಯಸ್ ಎಂಬ ಪುಟ್ಟ ಬೆಳ್ಳಿ ನಾಣ್ಯದಲ್ಲಿ. ಸೈನಿಕರ ಸಂಬಳದ ಲೆಕ್ಕ ನಡೆಯುತ್ತಿದ್ದದ್ದು ಅದರಲ್ಲೇ.

ಬೆಳೆಯುವ ಕಾಲದಲ್ಲಿ ದುಡ್ಡಿನ ಚಿಂತೆ ಇರಲಿಲ್ಲ. ಯುದ್ಧದ ಖರ್ಚನ್ನು ಯುದ್ಧವೇ ದುಡಿದು ಕೊಡುತ್ತಿತ್ತು. ಕ್ರಿ.ಪೂ. 168ರಲ್ಲಿ ಮ್ಯಾಸಿಡೋನಿಯಾ ಸೋತಾಗ ಬಂದ ಲೂಟಿ ಎಷ್ಟಿತ್ತೆಂದರೆ, ಮರುವರ್ಷದಿಂದ ರೋಮನ್ ನಾಗರಿಕರು ನೇರ ತೆರಿಗೆ ಕಟ್ಟುವುದೇ ನಿಂತಿತು. ಸೋತವರು ಕಟ್ಟುತ್ತಿದ್ದರು! ಕ್ರಿ.ಶ. 106ರಲ್ಲಿ ಚಕ್ರವರ್ತಿ ಟ್ರೇಜನ್ ಇಂದಿನ ರೊಮೇನಿಯಾದ ಭಾಗವಾದ ಡೇಸಿಯಾ ಗೆದ್ದು ಚಿನ್ನ ಹೊತ್ತು ತಂದ. ಹೀಗೆ ಕೈತುಂಬ ಲಾಭ ತಂದ ದೊಡ್ಡ ಗೆಲುವುಗಳಲ್ಲಿ ಅದೇ ಕೊನೆಯದು ಎನ್ನಬಹುದು.

ಆಮೇಲೆ ಗಡಿ ಬೆಳೆಯುವುದು ಹೆಚ್ಚುಕಡಿಮೆ ನಿಂತಿತು. 3 ಲಕ್ಷಕ್ಕೂ ಜಾಸ್ತಿ ಸೈನಿಕರಿಗೆ ಗೆಲ್ಲುವ ಕೆಲಸ ಮುಗಿದು ಕಾಯುವ ಕೆಲಸ ಉಳಿಯಿತು. ಕಾಯುತ್ತ ಕೂತರೆ ಲೂಟಿ ಬರುವುದಿಲ್ಲ, ಸಂಬಳ ಮಾತ್ರ ತಪ್ಪುವುದಿಲ್ಲ, ಅಲ್ವಾ?

ಸಂಬಳ ಕೊಡುವವನೇ ದೊರೆ ಎಂಬುದು 193ರಲ್ಲಿ ನಾಚಿಕೆಯಿಲ್ಲದೆ ಬಯಲಾಯಿತು. ಅರಮನೆಯ ಕಾವಲು ಪಡೆ ಚಕ್ರವರ್ತಿ ಪರ್ಟಿನಾಕ್ಸ್‌ನನ್ನು ಕೊಂದು ಸಿಂಹಾಸನವನ್ನೇ ಹರಾಜಿಗಿಟ್ಟಿತು. ಪ್ರತಿ ಸೈನಿಕನಿಗೆ 25,000 ಸೆಸ್ಟರ್ಸ್ (ನಾಲ್ಕು ಸೇರಿದರೆ ಒಂದು ದೆನಾರಿಯಸ್) ಕೊಡುತ್ತೇನೆಂದು ಡಿಡಿಯಸ್ ಜೂಲಿಯಾನಸ್ ಕೂಗಿ ಗೆದ್ದ. 66 ದಿನ ಆಳಿದ, ಆಮೇಲೆ ಅವನ ತಲೆಯೂ ಹೋಯಿತು.

ಅವನ ನಂತರ ಬಂದ ಸೆಪ್ಟಿಮಿಯಸ್ ಸೆವೆರಸ್ ಪಾಠ ಕಲಿತಿದ್ದ. ಸೈನಿಕರ ಸಂಬಳ ಏರಿಸಿದ. ಆದರೆ ಬೆಳ್ಳಿ ಎಲ್ಲಿಂದ ಬರಬೇಕು? ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ದೆನಾರಿಯಸ್ ಬಹುಪಾಲು ಅಪ್ಪಟ ಬೆಳ್ಳಿ. ನೀರೋ 64ರಲ್ಲಿ ಸ್ವಲ್ಪ ಇಳಿಸಿದ್ದ. ಸೆವೆರಸ್ ಹೊತ್ತಿಗೆ ಬೆಳ್ಳಿ ಅರ್ಧಕ್ಕೆ ಬಂತು, ಉಳಿದದ್ದು ತಾಮ್ರ. ಅವನ ಮಗ ಕ್ಯಾರಕಲ್ಲಾ ಇನ್ನೂ ಚಾಲಾಕಿ. 215ರಲ್ಲಿ ಎರಡು ದೆನಾರಿಯಸ್ ಬೆಲೆಯ ಹೊಸ ನಾಣ್ಯ ತಂದ, ಅದರಲ್ಲಿದ್ದ ಬೆಳ್ಳಿ ಮಾತ್ರ ಒಂದೂವರೆಯಷ್ಟು. 270ರ ಹೊತ್ತಿಗೆ ಆ ನಾಣ್ಯದಲ್ಲಿ ಬೆಳ್ಳಿ ಶೇ 5 ಕೂಡ ಇರಲಿಲ್ಲ. ಮೇಲೆ ಬೆಳ್ಳಿ ಲೇಪ, ಒಳಗೆ ತಾಮ್ರ. ಬೆಲೆಗಳು ಕೈಮೀರಿದವು. 301ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಬೆಲೆ ಕಟ್ಟಿ, ಮೀರಿದವರಿಗೆ ಮರಣದಂಡನೆ ಎಂದ. ಅದೂ ನಡೆಯಲಿಲ್ಲ.

ಕಾನ್‌ಸ್ಟಂಟೈನ್ ತಂದ ಸುಮಾರು 4.5 ಗ್ರಾಂ ತೂಕದ ಚಿನ್ನದ ಸಾಲಿಡಸ್ ಮಾತ್ರ ಗಟ್ಟಿಯಾಗಿ ನಿಂತಿತು. ಸಾಮ್ರಾಜ್ಯ ಎರಡಾಗಿ ಒಡೆದ ಮೇಲೂ ಪೂರ್ವದ ಭಾಗ ಅದನ್ನು 11ನೇ ಶತಮಾನದವರೆಗೂ ಬೆರಕೆ ಇಲ್ಲದೆ ಟಂಕಿಸಿತು. ಪಶ್ಚಿಮಕ್ಕೆ ಆ ಅದೃಷ್ಟ ಇರಲಿಲ್ಲ. 439ರಲ್ಲಿ ವ್ಯಾಂಡಲರು ಕಾರ್ಥೇಜ್ ಹಿಡಿದಾಗ ಅದು ಕಳೆದುಕೊಂಡದ್ದು ಬರೀ ಒಂದು ನಗರವನ್ನಲ್ಲ. ಉತ್ತರ ಆಫ್ರಿಕಾದ ಧಾನ್ಯ ಮತ್ತು ತೆರಿಗೆ ಎರಡೂ ಕೈತಪ್ಪಿದವು. ಸೈನ್ಯ ಸಾಕುತ್ತಿದ್ದದ್ದೇ ಅದು.

476ರಲ್ಲಿ ಸೈನಿಕರು ದುಡ್ಡು ಕೇಳಲಿಲ್ಲ, ಇಟಲಿಯ ಮೂರನೇ ಒಂದು ಪಾಲು ಜಮೀನು ಕೇಳಿದರು. ಸೇನಾಪತಿ ಒರೆಸ್ಟೆಸ್ ಒಪ್ಪದಿದ್ದಾಗ ಆ ಸೈನಿಕರ ನಾಯಕ ಓಡೋಸರ್ ಅವನನ್ನು ಕೊಂದ. ಪಶ್ಚಿಮದ ಕೊನೆಯ ಚಕ್ರವರ್ತಿಯಾಗಿ ಪಟ್ಟದಲ್ಲಿದ್ದ ಒರೆಸ್ಟೆಸ್‌ನ ಮಗ, ಹುಡುಗ ರೊಮುಲಸ್‌ನನ್ನು ಮಾತ್ರ ಸುಮ್ನೆ ಕೆಳಗಿಳಿಸಿ, ವರ್ಷಕ್ಕೆ 6,000 ಸಾಲಿಡಸ್ ಗೊತ್ತುಮಾಡಿ ಕ್ಯಾಂಪಾನಿಯಾಕ್ಕೆ ಕಳಿಸಿದ.