ತೋಟದ ರೈಲಿಗೆ ಮಳೆ ತಾಳುವ ಸ್ಟೇಷನ್

ಕಟ್ಟಡಗಳ ಮಾದರಿ ಮಾಡುವುದು ನನ್ನ ಕಸುಬು. ಕೈತೋಟದಲ್ಲಿ ಹಳಿ ಹಾಕಿ ಓಡಿಸುವ ಪುಟ್ಟ ಮಾದರಿ ರೈಲಿಗೆ ಸ್ಟೇಷನ್, ಸೇತುವೆ ಬೇಕು ಅಂತ ಬರುವವರಲ್ಲಿ ಹೆಚ್ಚಿನವರು ಒಂದೇ ಮಾತು ಕೇಳುತ್ತಾರೆ: "ಥರ್ಮೊಕೋಲ್‌ನಲ್ಲಿ ಮಾಡಿದ್ರೆ ಅಗ್ಗ ಆಗಲ್ವಾ?"

ಆಗಲ್ಲ. ಬಿಸಿಲಿಗೆ ಥರ್ಮೊಕೋಲ್ ಹಳದಿಯಾಗಿ ಪುಡಿ ಉದುರುತ್ತದೆ. ಐಸ್‌ಕ್ರೀಂ ಕಡ್ಡಿಗೆ ಗೆದ್ದಲು ಹತ್ತುತ್ತದೆ. ರಟ್ಟು ಒಂದು ಜೋರು ಮಳೆಗೆ ಮೆತ್ತಗಾಗಿ ಕೂತುಬಿಡುತ್ತದೆ. ವರ್ಷವರ್ಷ ಹೊಸದು ಮಾಡಬೇಕಾದರೆ ಅದು ಅಗ್ಗ ಹೇಗೆ? ಬಯಲಲ್ಲಿ ನಿಲ್ಲುವ ಮಾದರಿಯನ್ನು ಮನೆ ಕಟ್ಟುವ ಸಾಮಾನಿನಲ್ಲೇ ಕಟ್ಟಬೇಕು. ಸ್ವಲ್ಪ ಸಿಮೆಂಟು, ಮರಳು, ಕೋಳಿ ಬಲೆ ಇದ್ದರೆ ಸಾಕು. ಗಂಟು ಕಟ್ಟಿದ ಹಳೇ ಸಿಮೆಂಟು ಮಾತ್ರ ಬೇಡ.

ಮೊದಲು ಅಳತೆ. ತೋಟದ ರೈಲಿನ ಎರಡು ಹಳಿಗಳ ನಡುವಿನ ಅಂತರ ಸಾಮಾನ್ಯವಾಗಿ 45 ಮಿ.ಮೀ. ಇರುತ್ತದೆ. 1968ರಲ್ಲಿ ಜರ್ಮನಿಯ ಎಲ್‌ಜಿಬಿ ಬ್ರ್ಯಾಂಡಿನ ಮಾದರಿ ರೈಲುಗಳು ಬಂದಿದ್ದು ಇದೇ ಹಳಿಯ ಮೇಲೆ, 1:22.5 ಅಳತೆಯಲ್ಲಿ, ಅಂದರೆ ನಿಜವಾದ ರೈಲಿನ 22.5ರಲ್ಲಿ ಒಂದು ಪಾಲು. 45ನ್ನು 22.5ರಿಂದ ಗುಣಿಸಿ ನೋಡಿ, ಸಾವಿರದ ಚಿಲ್ಲರೆ ಮಿ.ಮೀ. ಬರುತ್ತದೆ. ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರದ ಮೀಟರ್ ಗೇಜ್! ಬೆಂಗಳೂರು–ಮೈಸೂರು ನಡುವೆಯೂ ಸಕಲೇಶಪುರದ ಘಾಟಿಯಲ್ಲೂ ಮೊದಲು ಇದ್ದದ್ದು ಅದೇ. ಹಾಗಿರುವಾಗ ದುಬಾರಿ ಪ್ಲಾಸ್ಟಿಕ್ ಕಿಟ್ ತರಿಸಿ ಜರ್ಮನಿಯ ಹಳ್ಳಿಯನ್ನೇ ಯಾಕೆ ಕಟ್ಟಬೇಕು? ನಮ್ಮ ಹಳೇ ಸ್ಟೇಷನ್ನುಗಳು ಈ ಹಳಿಯ ಪಕ್ಕ ಎಷ್ಟು ಚೆನ್ನಾಗಿ ಕೂರುತ್ತವೆ ಅಂತ ನೋಡಿದವರಿಗೇ ಗೊತ್ತು.

ಏಳಡಿ ಬಾಗಿಲು 95 ಮಿ.ಮೀ. ಆಗುತ್ತದೆ. ಐದೂವರೆ ಅಡಿ ಮನುಷ್ಯ ಸುಮಾರು 75 ಮಿ.ಮೀ. ಇವೆರಡು ಸರಿ ಇರಲಿ. ಅರವತ್ತಡಿ ಉದ್ದದ ಸ್ಟೇಷನ್ ಲೆಕ್ಕದ ಪ್ರಕಾರ 81 ಸೆಂ.ಮೀ. ಬಂದರೂ 50ಕ್ಕೆ ಇಳಿಸಿ. ಕಣ್ಣಿಗೆ ಗೊತ್ತಾಗಲ್ಲ, ಸಾಮಾನೂ ಉಳಿಯುತ್ತದೆ.

ಗೋಡೆಯನ್ನು ಮಲಗಿಸಿ ಎರಕ ಹೊಯ್ಯಬೇಕು. ಬೋರ್ಡ್ ಬರೆಯುವ ಅಂಗಡಿಯಲ್ಲಿ ಸನ್‌ಬೋರ್ಡ್ ಅನ್ನುವ ಹಗುರ ಪ್ಲಾಸ್ಟಿಕ್ ಹಲಗೆಯ ಚೂರುಗಳು ಸಿಗುತ್ತವೆ. ಒಂದು ತುಂಡಿನ ಮೇಲೆ ಸುತ್ತ 12 ಮಿ.ಮೀ. ಎತ್ತರದ ಅಂಚು ಅಂಟಿಸಿ. ಬಾಗಿಲು, ಕಿಟಕಿ ಬರುವ ಕಡೆ ಅದೇ ಎತ್ತರದ ತುಂಡು ಕೂರಿಸಿ, ಎಣ್ಣೆ ಸವರಿ. ಒಂದು ಪಾಲು ಸಿಮೆಂಟು, ಎರಡು ಪಾಲು ಸಣ್ಣಗೆ ಜರಡಿ ಹಿಡಿದ ಮರಳು ಕಲಸಿ ಅರ್ಧ ತುಂಬಿ. ಮೇಲೆ ಕೋಳಿ ಬಲೆ ಹಾಸಿ, ಉಳಿದರ್ಧ ತುಂಬಿ. ಮೂಲೆ ಜೋಡಿಸಲು ಬೈಂಡಿಂಗ್ ವೈರಿನ ಕೊಂಡಿಗಳನ್ನು ಎರಡೂ ಬದಿ ಹೊರಗೆ ಬಿಟ್ಟಿರಿ.

ಕೆಲವು ಗಂಟೆ ಬಿಟ್ಟು ಹೆಬ್ಬೆರಳಲ್ಲಿ ಒತ್ತಿ ನೋಡಿ. ಬೆರಳಿನ ಗುರುತು ಬೀಳಬಾರದು, ಉಗುರಿನಲ್ಲಿ ಗೀರಿದರೆ ಮಾತ್ರ ಗೆರೆ ಮೂಡಬೇಕು. ಆ ಹದದಲ್ಲಿ ಸ್ಕೇಲ್ ಇಟ್ಟು ಮೊಳೆಯಿಂದ ಕಲ್ಲಿನ ಸಂದುಗಳನ್ನು ಗೀರಿ. ಅವಸರ ಮಾಡಿದರೆ ಅಂಚು ಕಿತ್ತು ಬರುತ್ತದೆ. ತಡವಾದರೆ ಮೊಳೆ ಜಾರುತ್ತದೆ. ಮೊದಲ ಸಲ ಮಾಡುವವರು ಇಟ್ಟಿಗೆ ಗೋಡೆಗೆ ಕೈ ಹಾಕಬೇಡಿ, ಒಂದೊಂದು ಇಟ್ಟಿಗೆ ಬರೀ 10 ಮಿ.ಮೀ. ಉದ್ದ. ಸೈಜುಗಲ್ಲಿನ ಗೋಡೆ ಸುಲಭ, ನೋಡಲೂ ಗಟ್ಟಿ. ಆಮೇಲೆ ಒಂದು ವಾರ ಒದ್ದೆ ಗೋಣಿಚೀಲ ಹೊದಿಸಿ ಕ್ಯೂರಿಂಗ್ ಮಾಡಿ. ಇಲ್ಲಿ ಸೋಮಾರಿತನ ಬೇಡ.

ಮಾಡಿಗೆ ಹೆಂಚು ಒಂದೊಂದಾಗಿ ಮಾಡುತ್ತಾ ಕೂತರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಗೂಡ್ಸ್ ಶೆಡ್ಡಿನ ಹಾಗೆ ತಗಡು ಹಾಕಿ. ತಂಪು ಪಾನೀಯದ ಅಲ್ಯುಮಿನಿಯಂ ಕ್ಯಾನ್ ಕತ್ತರಿಸಿ ಚಪ್ಪಟೆ ಮಾಡಿಕೊಳ್ಳಿ. ಅಂಚು ಬ್ಲೇಡಿನಷ್ಟು ಚೂಪು, ಕೈಗವಸು ಇರಲಿ. ಹಲಗೆಯ ಮೇಲೆ ಹಳೇ ಸೈಕಲ್ ಕಡ್ಡಿಗಳನ್ನು ಮೂರೂವರೆ ಮಿ.ಮೀ.ಗೊಂದರಂತೆ ಸಾಲಾಗಿ ಅಂಟಿಸಿ. ಮೂರು ಇಂಚಿನ ಅಲೆಯ ತಗಡಿಗೆ ಈ ಅಳತೆಯೇ ಸರಿ. ಅದರ ಮೇಲೆ ಕ್ಯಾನಿನ ಹಾಳೆ ಇಟ್ಟು, ಇನ್ನೊಂದು ಕಡ್ಡಿಯಿಂದ ಸಂದಿಗೊಂದು ಸಲ ಒತ್ತುತ್ತಾ ಹೋದರೆ ತಗಡಿನ ಅಲೆ ಮೂಡುತ್ತದೆ. ಎಮೆರಿ ಪೇಪರಿನಲ್ಲಿ ಉಜ್ಜಿ, ಅಲ್ಯುಮಿನಿಯಂಗೆ ಹಿಡಿಯುವ ಪ್ರೈಮರ್ ಹೊಡೆದೇ ಬಣ್ಣ ಬಳಿಯಿರಿ. ಮಾಡನ್ನು ಗೋಡೆಗೆ ಅಂಟಿಸಬೇಡಿ. ಒಳಗೆ ಸೇರುವ ಇರುವೆ, ಹಲ್ಲಿ, ಜೇಡಗಳನ್ನು ಓಡಿಸಲು ಎತ್ತುವಂತಿರಬೇಕು.

ಹಳಿಯ ಜಲ್ಲಿಗೆ ದುಡ್ಡೇ ಬೇಡ. ನಿಜವಾದ ಹಳಿಗೆ ಹಾಕುವ 65 ಮಿ.ಮೀ. ಜಲ್ಲಿ ಈ ಅಳತೆಯಲ್ಲಿ 3 ಮಿ.ಮೀ. ಆಗುತ್ತದೆ. ಪ್ಲಾಸ್ಟರಿಂಗ್‌ಗೆ ಎಂ-ಸ್ಯಾಂಡ್ ಜರಡಿ ಹಿಡಿದಾಗ ಮೇಲೆ ಉಳಿಯುವ ತರಿ ಇದೆಯಲ್ಲ, ಅದೇ. ಹೊಳೆಯ ಉರುಟು ಕಲ್ಲು ಹಾಕಿದರೆ ಹಳಿ ಅಲುಗುತ್ತದೆ. ಮೊನೆ ಇರುವ ಕಲ್ಲು ಒಂದಕ್ಕೊಂದು ಕಚ್ಚಿ ಹಿಡಿಯುತ್ತದೆ.

ಕಟ್ಟಡವನ್ನು ಬರೀ ಮಣ್ಣಿನ ಮೇಲೆ ಕೂರಿಸಬೇಡಿ. ಜಲ್ಲಿ ಹಾಸಿ, ಮೇಲೆ ಕಡಪ ಕಲ್ಲಿನ ಚೂರು ಇಡಿ. ಸುತ್ತ ಅರ್ಧ ಅಡಿಯಾದರೂ ಜಲ್ಲಿ ಹರಡದಿದ್ದರೆ ಮಳೆಹನಿ ಕೆಮ್ಮಣ್ಣನ್ನು ಎರಚಿ ಗೋಡೆಯೆಲ್ಲ ಕೆಂಪಾಗುತ್ತದೆ. ಗಿಡ ಆರಿಸುವಾಗ ಎಲೆ ನೋಡಿ, ಎತ್ತರ ಅಲ್ಲ. ಎತ್ತರವನ್ನು ಕತ್ತರಿಸಬಹುದು, ಎಲೆಯನ್ನು ಚಿಕ್ಕದು ಮಾಡೋಕಾಗಲ್ಲ. ಸಣ್ಣೆಲೆಯ ಜೇಡ್ ಗಿಡದ ಬುಡದ ಕೊಂಬೆಗಳನ್ನು ಕತ್ತರಿಸಿದರೆ ಹಳೇ ಮರದ ಹಾಗೆ ಕಾಣುತ್ತದೆ.

ಸ್ಟೇಷನ್ ಹೆಸರಿನ ಹಳದಿ ಫಲಕವನ್ನು ಕೈಯಲ್ಲಿ ಬರೆಯಬೇಡಿ. ಗಾಡಿಗೆ ಸ್ಟಿಕ್ಕರ್ ಅಂಟಿಸುವ ರೇಡಿಯಂ ಅಂಗಡಿಯವರಿಗೆ ಅಳತೆ ಬರೆದುಕೊಡಿ. ಕಪ್ಪು ಅಕ್ಷರ ಕತ್ತರಿಸಿ ಕೊಡುತ್ತಾರೆ. ಕನ್ನಡದ ಒತ್ತಕ್ಷರ ತೀರಾ ಸಣ್ಣದಾದರೆ ಕತ್ತರಿಸುವಾಗ ಹರಿಯುತ್ತದೆ, ಆದ್ದರಿಂದ ಹೆಸರಿನ ಅಕ್ಷರ 10 ಮಿ.ಮೀ.ಗಿಂತ ಕಡಿಮೆ ಬೇಡ ಅಂತ ಮೊದಲೇ ಹೇಳಿಬಿಡಿ.